ಬಳ್ಳಾರಿ ಜೀನ್ಸ್: ‘ಯಾವ ವಾಶ್?’ ಎಂದು ಕೇಳಿಯೇ ಕೊಳ್ಳಿ

ಬಳ್ಳಾರಿಯ ಅಂಗಡಿಯಲ್ಲಿ ಜೀನ್ಸ್ ಕೈಗೆತ್ತಿಕೊಂಡು ‘ಇದು ಯಾವ ವಾಶ್?’ ಎಂದರೆ, ಪ್ಯಾಂಟನ್ನು ಒಗೆದಿದ್ದಾರೋ ಇಲ್ಲವೋ ಎಂದು ಕೇಳಿದಂತಲ್ಲ. ಬಣ್ಣವನ್ನು ಯಾವುದರಿಂದ, ಎಷ್ಟರಮಟ್ಟಿಗೆ ಇಳಿಸಿದ್ದಾರೆ ಎಂಬ ಪ್ರಶ್ನೆ ಅದು. ಇಂಗ್ಲಿಷಿನಲ್ಲೇ ಈ ಪದಕ್ಕೆ ಎರಡು ಮುಖ. ಬಟ್ಟೆಗಾದರೆ ತೆಗೆಯುವುದು, ಗೋಡೆಯ ವೈಟ್‌ವಾಶ್‌ಗಾದರೆ ಬಳಿಯುವುದು. ಜೀನ್ಸಿನಲ್ಲಿ ಎರಡೂ ಉಂಟು: ಸ್ಟೋನ್ ವಾಶ್ ಬಣ್ಣ ತೆಗೆಯುತ್ತದೆ, ಟಿಂಟ್ ವಾಶ್ ಮೇಲೊಂದು ಛಾಯೆ ಕೊಡುತ್ತದೆ.

ಡೆನಿಮ್‌ನಲ್ಲಿ ಹಾಸಿನ ನೂಲು ಮಾತ್ರ ನೀಲಿ, ಹೊಕ್ಕಿನದು ಬಿಳಿ. ಹಾಸಿನ ನೂಲಿಗೂ ಇಂಡಿಗೊ ಹೊರಮೈಗಷ್ಟೇ ಹಿಡಿದಿರುತ್ತದೆ, ತಿರುಳು ಬಿಳಿಯಾಗಿಯೇ ಉಳಿಯುತ್ತದೆ. ಹೊರಮೈ ಸವೆದಷ್ಟೂ ಬಿಳಿ ಇಣುಕುತ್ತದೆ. ವಾಶಿಂಗ್ ಯೂನಿಟ್‌ನ ಕೆಲಸವೆಲ್ಲ ಈ ಸವೆತವನ್ನು ಹದದಲ್ಲಿ ನಿಲ್ಲಿಸುವುದು.

ನಮ್ಮ ಮೊದಲ ಆಯ್ಕೆ ಎನ್‌ಜೈಮ್ ವಾಶ್. ಮೊದಲು ನೂಲಿನ ಗಂಜಿ ಬಿಡಿಸಿ, ನಂತರ ಸೆಲ್ಯುಲೇಸ್ ಎಂಬ ಕಿಣ್ವ (ಎನ್‌ಜೈಮ್) ಹಾಕಿದ ಸುಮಾರು 50 ಡಿಗ್ರಿ ಬಿಸಿನೀರಿನಲ್ಲಿ ತಿರುಗಿಸುತ್ತಾರೆ. ಅದು ನೂಲಿನ ಮೇಲಿನ ಹತ್ತಿಯ ಎಳೆಗಳನ್ನಷ್ಟೇ ಕಡಿಯುವುದರಿಂದ ಬಟ್ಟೆ ಮೆತ್ತಗಾಗುತ್ತದೆ. ಆದರೆ ಸಮಯ ಮೀರಿದರೆ ಬಟ್ಟೆಯೇ ಸೊರಗುತ್ತದೆ. ಸ್ಟೋನ್ ವಾಶ್‌ನಲ್ಲಿ ಹಗುರವಾದ ಪ್ಯೂಮಿಸ್ ಕಲ್ಲಿನ ಜೊತೆ ಉರುಳಿಸುತ್ತಾರೆ. ಪೆಟ್ಟು ಹೆಚ್ಚು ಬೀಳುವುದು ಹೊಲಿಗೆಯ ಉಬ್ಬು, ಜೇಬಿನ ಅಂಚು, ಕಾಲಿನ ಮಡಿಕೆಗೆ. ಅಲ್ಲಿ ಬೆರಳಾಡಿಸಿ ನೋಡಿ, ಎಳೆ ಕಿತ್ತು ಬಂದಿದ್ದರೆ ಅಲ್ಲಿಂದಲೇ ಹರಿಯುತ್ತದೆ.

ಆಸಿಡ್ ವಾಶ್‌ನಲ್ಲಿ ಹೆಸರಿಗಷ್ಟೇ ಆಸಿಡ್. ಸಾಮಾನ್ಯವಾಗಿ ಪೊಟ್ಯಾಸಿಯಂ ಪರ್ಮಾಂಗನೇಟ್‌ನಲ್ಲಿ ನೆನೆಸಿದ ಕಲ್ಲಿನ ಜೊತೆ ನೀರಿಲ್ಲದೆ ಉರುಳಿಸುವುದೇ ಇದು. ಆಮೇಲೆ ಮೆಟಾಬೈಸಲ್ಫೈಟ್ ಹಾಕಿ ಉಳಿಕೆಯನ್ನು ಸರಿಯಾಗಿ ತೆಗೆಯದಿದ್ದರೆ ಬಿಳಿ ಜಾಗಕ್ಕೆ ಕಂದು ಛಾಯೆ ಉಳಿಯುತ್ತದೆ. ಬ್ಲೀಚ್ ವಾಶ್‌ನಲ್ಲಿ ಹೈಪೊಕ್ಲೋರೈಟ್ (ಕ್ಲೋರಿನ್ ಇರುವ ಬ್ಲೀಚ್) ಉಳಿದುಬಿಟ್ಟರೆ ಬಟ್ಟೆ ಹಳದಿಗೆ ತಿರುಗಿ ಶಕ್ತಿ ಕಳೆದುಕೊಳ್ಳುತ್ತದೆ. ಮೂಗಿಗೆ ಹಿಡಿದಾಗ ಕ್ಲೋರಿನ್ ವಾಸನೆ ಬಂದರೆ ಕೊಳ್ಳಲೇಬೇಡಿ. ಲೈಕ್ರಾ ಇರುವ ಸ್ಟ್ರೆಚ್ ಪ್ಯಾಂಟಿಗೆ ಈ ಬ್ಲೀಚ್ ಶತ್ರು. ಮಂಡಿಯ ಬಳಿ ಬಟ್ಟೆಯನ್ನು ಎಳೆದು ಬಿಡಿ, ಹಿಂದಕ್ಕೆ ಬಾರದೆ ಉಬ್ಬಿಯೇ ನಿಂತರೆ ಲೈಕ್ರಾ ಸತ್ತಿದೆ.

ಎಲ್ಲಕ್ಕಿಂತ ನಂಬಬಹುದಾದ ಸಾಕ್ಷಿ ಜೇಬಿನ ಒಳಬಟ್ಟೆ. ಪ್ಯಾಂಟನ್ನು ಹೊಲಿದ ಮೇಲೆಯೇ ವಾಶ್‌ಗೆ ಕಳಿಸುವುದರಿಂದ, ಬಿಟ್ಟ ಬಣ್ಣ ಮತ್ತೆ ಬಿಳಿ ಭಾಗಕ್ಕೇ ಹತ್ತುತ್ತದೆ. ಬಿಳಿ ಜೇಬು ಬೂದಿ ನೀಲಿಯಾಗಿದ್ದರೆ ಜಾಲಿಸುವ ನೀರಿನಲ್ಲಿ ಉಳಿತಾಯ ಮಾಡಿರಬಹುದು. ಜೊತೆಗೆ ಒದ್ದೆ ಬಿಳಿ ಕರ್ಚೀಫಿನಿಂದ ತೊಡೆಯ ಒಳಭಾಗವನ್ನು ಹತ್ತು ಸಲ ಉಜ್ಜಿ. ಗಾಢ ನೀಲಿಯಲ್ಲಿ ಸ್ವಲ್ಪ ಹತ್ತುವುದು ಸಹಜ, ತಿಳಿ ನೀಲಿಯಲ್ಲಿ ಹತ್ತಬಾರದು.

ತೂಕದ ವಿಷಯ: ಡೆನಿಮ್ ಅನ್ನು ಚದರ ಗಜಕ್ಕೆ ಇಷ್ಟು ಔನ್ಸ್ ಎಂದು ಅಳೆಯುತ್ತಾರೆ. 12 ಔನ್ಸ್ ಎಂದರೆ ಚದರ ಮೀಟರಿಗೆ ಸುಮಾರು 407 ಗ್ರಾಂ. ನಮ್ಮ ಬಳ್ಳಾರಿ ಬಿಸಿಲಿಗೆ 10 ಔನ್ಸ್ ಆಸುಪಾಸಿನದೇ ಸರಿ, 14 ಔನ್ಸಿನದು ಬೇಸಿಗೆಯಲ್ಲಿ ಶಿಕ್ಷೆ.

‘ರಾ’ ಎಂದು ಮಾರುವ, ವಾಶ್ ಆಗದ ಪ್ಯಾಂಟು ತಗೊಂಡರೆ ಉದ್ದಕ್ಕೆ ಜಾಗ ಬಿಡಿ. ಸ್ಯಾನ್‌ಫೊರೈಸ್ ಆದ, ಅಂದರೆ ಗಿರಣಿಯಲ್ಲೇ ಮುಂಚಿತವಾಗಿ ಕುಗ್ಗಿಸಿದ ಬಟ್ಟೆಯೂ 3%ರಷ್ಟು ಕುಗ್ಗಬಹುದು, ಅಂದರೆ 32 ಇಂಚಿನಲ್ಲಿ ಸುಮಾರು ಒಂದು ಇಂಚು. ಆಲ್ಟರೇಶನ್‌ಗೆ ಕೊಡುವ ಮುನ್ನ ಮನೆಯಲ್ಲಿ ಒಮ್ಮೆ ಒಗೆದುಬಿಡಿ.

ಇನ್ನು ಸೊಂಟದ ಒಳಗಿನ ಚೀಟಿಯಲ್ಲಿರುವ ‘ವಾಶ್’ ಮಾತ್ರ ಮನೆಯ ಒಗೆತದ್ದೇ. ಬೋಗುಣಿಯೊಳಗೆ 30 ಎಂದಿದ್ದರೆ ನೀರು 30 ಡಿಗ್ರಿ ದಾಟಬಾರದು, ತ್ರಿಕೋನಕ್ಕೆ ಅಡ್ಡಗೀಟು ಹಾಕಿದ್ದರೆ ಬ್ಲೀಚ್ ಕೂಡದು. ಒಳಮೈ ಹೊರಗೆ ಮಾಡಿ, ಬಿಳಿ ಬಟ್ಟೆಯಿಂದ ದೂರವಿಟ್ಟು ಒಗೆಯಿರಿ, ನೆರಳಿನಲ್ಲಿ ಒಣಗಿಸಿ.