ಬದಿಯಡ್ಕದಲ್ಲಿ ಸಿಕ್ಕಿದ ಕಾಯಿಹಾಲಿನ ಕ್ಯಾರಮೆಲ್

ಮದುವೆ, ಉಪನಯನದ ಅಡಿಗೆ ಮಾಡುತ್ತ ನನಗೆ 31 ವರ್ಷ ಆಯಿತು. ಪಾಕದ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಲು ಬಂದರೆ ಸ್ವಲ್ಪ ಸಿಟ್ಟು ಬರುತ್ತದೆ. ಆದರೆ 90 ರೂಪಾಯಿಯ ಈ 100 ಗ್ರಾಮ್ ಪೊಟ್ಟಣ ನನ್ನ ಬಾಯಿ ಮುಚ್ಚಿಸಿತು. ಪೂರ್ತಿ ಅಲ್ಲ, ಮುಕ್ಕಾಲು.

ತೆಗೆದುಕೊಂಡದ್ದು ಮೊಮ್ಮಗಳಿಗೆ. ಅವಳಿಗೆ ಹಾಲಿನ ಪ್ರೋಟೀನೇ ಅಲರ್ಜಿ. ಲ್ಯಾಕ್ಟೋಸ್ ತೆಗೆದ ಹಾಲೂ ಆಗುವುದಿಲ್ಲ, ತುಪ್ಪವನ್ನೂ ನಾವು ಕೊಡುವುದಿಲ್ಲ. ಕಳೆದ ವರ್ಷ ಒಂದು ಬೇಕರಿಯಲ್ಲಿ ಕ್ಯಾರಮೆಲ್ ಸುರಿದ ಕೇಕು ತೋರಿಸಿ, "ಇದಕ್ಕೆ ಹಾಲು ಹಾಕಿಲ್ಲ, ಧೈರ್ಯವಾಗಿ ಕೊಡಿ" ಅಂದರು. ಹತ್ತು ನಿಮಿಷದಲ್ಲಿ ಮಗುವಿನ ತುಟಿ ಊದಿತು. ಆಮೇಲೆ ವಿಚಾರಿಸಿದರೆ, ಹಾಕಿದ್ದು 'ನಾನ್ ಡೈರಿ' ಎಂಬ ಬಿಳಿ ಪುಡಿ. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಸೋಡಿಯಂ ಕೇಸಿನೇಟ್ ಅಂತ ಇತ್ತು. ಅದು ಹಾಲಿನ ಪ್ರೋಟೀನೇ ಅಲ್ವಾ! ಪಾಪ, ಅವರಿಗೂ ಗೊತ್ತಿರಲಿಲ್ಲ.

ಹಾಗಾಗಿ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಆ ಸಣ್ಣ ಅಂಗಡಿಯಲ್ಲಿ ಇದನ್ನು ಮಾಡುವ ಹೆಂಗಸೇ ಸಿಕ್ಕಿದಾಗ ನಾನು ರುಚಿ ಕೇಳಲಿಲ್ಲ. "ಮೈಸೂರುಪಾಕು ಕಾಸುವ ಬಾಣಲೆಯಲ್ಲೇ ಇದನ್ನೂ ಕಾಸುತ್ತೀರಾ ಅಕ್ಕಾ?" ಅಂತ ಕೇಳಿದೆ. "ಇಲ್ಲ ಭಟ್ರೇ, ಇದಕ್ಕೆ ಬಾಣಲೆ, ಸಟ್ಟುಗ ಎಲ್ಲ ಬೇರೆಯೇ" ಅಂದರು. ಆ ಒಂದು ಮಾತಿಗೆ ದುಡ್ಡು ಕೊಟ್ಟೆ.

ಬಿಡಿಸಿ ನೋಡಿದ ಕೂಡಲೇ ಆಶ್ಚರ್ಯ ಆದದ್ದು ಬಣ್ಣಕ್ಕೆ. ಹಳೇ ಜೇನಿನ ಬಣ್ಣ. ನಾನೂ ಚೌತಿಗೆ ಒಮ್ಮೆ ದಪ್ಪ ಕಾಯಿಹಾಲು, ಸಕ್ಕರೆ ಹಾಕಿ ಮನೆಯಲ್ಲಿ ಕಾಸಿದ್ದೆ. ತಣ್ಣೀರಿಗೆ ಹನಿ ಬಿಟ್ಟರೆ ಉಂಡೆ ಕಟ್ಟುವ ಪಾಕಕ್ಕೆ ಸರಿಯಾಗಿ ಇಳಿಸಿದೆ. ಬಂದದ್ದು ಬಿಳಿಚಿಕೊಂಡ ಒಂದು ಮುದ್ದೆ. ಸಿಹಿ ಇತ್ತು, ಕ್ಯಾರಮೆಲ್ ಇರಲಿಲ್ಲ. ತಪ್ಪು ಎಲ್ಲಿ ಅಂತ ಗೊತ್ತಾಗಲು ಅಳಿಯನ ಥರ್ಮಾಮೀಟರ್ ಬೇಕಾಯಿತು. ಮೆದು ಕ್ಯಾರಮೆಲ್ ಇಳಿಸುವುದು 118-120 ಡಿಗ್ರಿಯಲ್ಲಿ. ಸಕ್ಕರೆ ತಾನಾಗಿ ಕೆಂಪಾಗಬೇಕಾದರೆ 160 ದಾಟಬೇಕು. ಹಾಗಾದರೆ ಹಾಲು ಹಾಕಿದ ಕ್ಯಾರಮೆಲ್ಲಿಗೆ ಬಣ್ಣ ಎಲ್ಲಿಂದ? ಹಾಲಿನಿಂದಲೇ. ಹಾಲಿನ ಪ್ರೋಟೀನೂ ಸಕ್ಕರೆಯೂ ಬಿಸಿಯಲ್ಲಿ ಸೇರಿ ಕೆಂಪಾಗುತ್ತವೆ. ಧಾರವಾಡ ಪೇಡೆ ಕಂದಾಗುವುದೂ ಹೀಗೆಯೇ. ಪರಿಮಳದ ದೊಡ್ಡ ಪಾಲು ಬರುವುದೂ ಅಲ್ಲಿಂದ. ಕಾಯಿಹಾಲಿನಲ್ಲಿ ಕೊಬ್ಬು ಧಾರಾಳ, ಪ್ರೋಟೀನು ಕಮ್ಮಿ. ಹಾಲಿನ ಬದಲಿಗೆ ಸುಮ್ನೆ ಕಾಯಿಹಾಲು ಹೊಯ್ದರೆ ಆಗುವ ಕೆಲಸ ಅಲ್ಲ ಅದು.

ಈ ಅಕ್ಕ ದಾರಿ ಕಂಡುಕೊಂಡಿದ್ದಾರೆ. ಮೊದಲು ಬರೀ ಸಕ್ಕರೆಯನ್ನು ಬಾಣಲೆಯಲ್ಲಿ ಕರಗಿಸಿ ಕೆಂಪು ಮಾಡುತ್ತಾರೆ. ಕಹಿ ಬರುವ ಒಂದು ಗಳಿಗೆ ಮುಂಚೆ ಬಿಸಿ ಕಾಯಿಹಾಲು ಹೊಯ್ಯುತ್ತಾರೆ. ತಣ್ಣಗಿನದು ಹೊಯ್ದರೆ ಪಾಕ ಸಿಡಿದು ಗಡ್ಡೆಯಾಗುತ್ತದೆ. ಮೇಲಿಂದ ಸ್ವಲ್ಪ ತೆಂಗಿನ ಸಕ್ಕರೆ, ನಮ್ಮ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಐಸಿನ ಪೆಟ್ಟಿಗೆ ಕಟ್ಟಿ ಇಳಿಸಲು ಕಲಿಸಿದ ಕಲ್ಪರಸವನ್ನು, ಅಂದರೆ ತೆಂಗಿನ ಹೊಂಬಾಳೆಯ ಸಿಹಿ ರಸವನ್ನು, ಕುದಿಸಿ ಮಾಡುವುದು. ಅದು ಮೊದಲೇ ಕಂದು, ಬೆಲ್ಲದ ವಾಸನೆಯದು. ಮತ್ತೆ ನಾಲ್ಕು ಹರಳು ಉಪ್ಪು. ಪಾಕ ಹರಳುಗಟ್ಟದ ಹಾಗೆ ಗ್ಲೂಕೋಸ್ ಸಿರಪ್ ಹಾಕುತ್ತಾರಂತೆ. ನಾವಾದರೆ ಲಿಂಬೆ ಹಿಂಡುತ್ತೇವೆ, ಇರಲಿ.

ರುಚಿ? ಮೊದಲು ಸುಟ್ಟ ಸಕ್ಕರೆ, ಆಮೇಲೆ ಕಾಯಿ. ಕೊನೆಗೆ ಅಕ್ಕಿ, ಕಾಯಿ, ಬೆಲ್ಲ ಕಾಸಿ ಮಾಡುವ ಹಾಲುಬಾಯಿ ತಳ ಹಿಡಿದಾಗ ಬರುವಂಥ ಒಂದು ಪರಿಮಳ. ನನಗೆ ಅದು ಇಷ್ಟ, ಮನೆಯವಳಿಗೆ ಅಲ್ಲ. ಬೆಣ್ಣೆಯ ಕ್ಯಾರಮೆಲ್ ತಿಂದು ರೂಢಿ ಇದ್ದವರಿಗೆ ಏನೋ ಒಂದು ಕಮ್ಮಿ ಅನ್ನಿಸುತ್ತದೆ, ಸುಳ್ಳು ಹೇಳುವುದಿಲ್ಲ.

ಅಗಿಯುವ ವಿಷಯದಲ್ಲೇ ತಕರಾರು. ಕಾಯಿಯ ಕೊಬ್ಬು 24-25 ಡಿಗ್ರಿಗೆ ಕರಗುತ್ತದೆ. ಬೆಣ್ಣೆ 32ರ ಮೇಲೆ. ನಮ್ಮ ಊರಿನ ಏಪ್ರಿಲ್ ಮಧ್ಯಾಹ್ನ ಹೇಗಿರುತ್ತದೆ ಅಂತ ಹೇಳಬೇಕೇ? ಕಿಸೆಯಲ್ಲಿಟ್ಟು ಪೆರ್ಲಕ್ಕೆ ಹೋಗಿ ಬರುವಷ್ಟರಲ್ಲಿ ಕಾಗದವೆಲ್ಲ ಎಣ್ಣೆ, ಅಂಗಿಗೂ ಕಲೆ. ಫ್ರಿಜ್ಜಿನಲ್ಲಿಟ್ಟರೆ ಹಲ್ಲಿಗೆ ಕಲ್ಲು. ಅಲ್ಲಿಂದ ತೆಗೆದು ಕಾಲು ಗಂಟೆ ಹೊರಗಿಟ್ಟು ತಿಂದರೆ ಸರಿ ಇರುತ್ತದೆ.

ಇನ್ನೊಂದು, ಪೊಟ್ಟಣದ ಮೇಲಿನ ಬರಹ. ಮಲಯಾಳ ಇದೆ, ಇಂಗ್ಲಿಷ್ ಇದೆ, ಕನ್ನಡ ಇಲ್ಲ. ನಮ್ಮ ಮನೆಯವಳು ಕನ್ನಡ ಶಾಲೆಯಲ್ಲಿ ಓದಿದವಳು. ಮಗುವಿನ ಕೈಗೆ ಕೊಡುವ ಮೊದಲು ಅವಳು ಓದುವುದು ಬೇಡವೇ? ಈ ಊರಿನಲ್ಲಿ ಅವಳಂಥವರು ಎಷ್ಟು ಮಂದಿ ಇಲ್ಲ! "ಹಾಲು ಹಾಕಿಲ್ಲ" ಅಂತ ಎರಡು ಪದ ಕನ್ನಡದಲ್ಲಿ ಹಾಕಿಸಿ ಅಂದೆ. ಮುಂದಿನ ಸಲ ಅಚ್ಚು ಹಾಕಿಸುವಾಗ ಸೇರಿಸುತ್ತೇನೆ ಅಂದಿದ್ದಾರೆ.

ಬರುವ ತಿಂಗಳು ನೀರ್ಚಾಲಿನ ಒಂದು ಉಪನಯನಕ್ಕೆ ಎರಡು ಕಿಲೋ ಹೇಳಿದ್ದೇನೆ. ಬೆಳಿಗ್ಗೆ ಏಳರೊಳಗೆ ತಂದು ಕೊಡಬೇಕು, ಮಧ್ಯಾಹ್ನದ ಊಟದವರೆಗೆ ಬಾವಿಕಟ್ಟೆಯ ನೆರಳಿನಲ್ಲಿ ಇಡುವುದು ನನ್ನ ಜವಾಬ್ದಾರಿ ಅಂತ ಮಾತಾಗಿದೆ.