ಮೆಲಟೋನಿನ್: 5 ಮಿಲಿಗ್ರಾಂಗಿಂತ ನನಗೆ ಅರ್ಧ ಮಿಲಿಗ್ರಾಂ ವಾಸಿ

ನನಗೆ ನಿದ್ದೆ ಬರುತ್ತದೆ, ಬರುವುದು ತಡ. ರಾತ್ರಿ ಒಂದೂವರೆಯಾದರೂ ಕಣ್ಣು ಪಿಳಿಪಿಳಿ. ಒಮ್ಮೆ ಹತ್ತಿತೆಂದರೆ ಬೆಳಗಿನವರೆಗೂ ಎಚ್ಚರವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಡುರಾತ್ರಿ ಎಚ್ಚರವಾಗಿ ಹೊರಳಾಡುವವರಿಗೆ ನನ್ನ ತೀರ್ಪು ತಿರುಗುಮುರುಗಾಗಬಹುದು. ಮೆಲಟೋನಿನ್ ಅಂದರೆ ನಿದ್ದೆಯ ಹೊತ್ತಾಯಿತೆಂದು ಮೈಗೆ ತಿಳಿಸುವ ಹಾರ್ಮೋನ್. ವೈದ್ಯರನ್ನು ಕೇಳಿಕೊಂಡೇ ಅದರ ಮಾತ್ರೆಯಲ್ಲಿ ಮೂರು ಬಗೆ ನೋಡಿದೆ.

ಮೊದಲು 5 ಮಿಲಿಗ್ರಾಂನ ಸಾಧಾರಣ ಮಾತ್ರೆ, ಮಲಗುವ ಅರ್ಧ ಗಂಟೆ ಮುಂಚೆ. ನಿದ್ದೆ ಬೇಗ ಬಂತು, ಸುಳ್ಳು ಹೇಳಬಾರದು. ಆದರೆ ರಾತ್ರಿಯಿಡೀ ವಿಚಿತ್ರ ಕನಸು, ಬೆಳಿಗ್ಗೆ ತಲೆಭಾರ. ಬ್ರಷ್ ಬಾಯಲ್ಲಿಟ್ಟುಕೊಂಡು, ಗೋಡೆಗೊರಗಿ ತೂಕಡಿಸುತ್ತಿದ್ದೆ. ಕಾರಣ ಲೆಕ್ಕ ಹಾಕಿದರೆ ಸಿಗುತ್ತದೆ. ಮೆದುಳಿನ ಪೀನಿಯಲ್ ಗ್ರಂಥಿ ಬೆಳಕು ಕಡಿಮೆಯಾದ ಮೇಲೆ, ನಿದ್ದೆಗೆ ಸುಮಾರು ಎರಡು ಗಂಟೆ ಮುಂಚೆ ತಾನೇ ಮೆಲಟೋನಿನ್ ಸುರಿಸಲು ಶುರುಮಾಡುತ್ತದೆ. ಆ ಮಟ್ಟಕ್ಕೆ ರಕ್ತವನ್ನು ತರಲು ಸುಮಾರು 0.3 ಮಿಲಿಗ್ರಾಂ ಸಾಕು. ಸಾಧಾರಣ ಮಾತ್ರೆಯ ಮದ್ದು ಮುಕ್ಕಾಲು ಗಂಟೆಗೊಮ್ಮೆ ಅರ್ಧದಷ್ಟು ಇಳಿಯುತ್ತದೆಂದು ಹಿಡಿದರೂ, 5ರಿಂದ 0.3ಕ್ಕೆ ಬರಲಿಕ್ಕೇ ಮೂರು ಗಂಟೆ ಬೇಕು. ಉಳಿದದ್ದೆಲ್ಲ ಸುಮ್ಮನೆ ಹೆಚ್ಚುವರಿ ಹೊರೆ.

ಅರ್ಧ ಮಿಲಿಗ್ರಾಂನ ಕಥೆಯೇ ಬೇರೆ. 1 ಮಿಲಿಗ್ರಾಂನ ಸಾಧಾರಣ ಮಾತ್ರೆಯನ್ನು ನಡುವಿನ ಗೀಟಿನ ಮೇಲೆ ಮುರಿದು, ರಾತ್ರಿ ಎಂಟೂವರೆಯ ಹೊತ್ತಿಗೇ ನುಂಗಿದೆ, ನಿದ್ದೆ ಹತ್ತುವುದಕ್ಕೆ ಐದು ಗಂಟೆ ಮುಂಚೆ. ಅಂದು ರಾತ್ರಿ ಏನೂ ಗೊತ್ತಾಗಲಿಲ್ಲ. ಇಲ್ಲೇ ಬಹಳಷ್ಟು ಜನ ಬೇಸತ್ತು ಡೋಸ್ ಏರಿಸುವುದು. ನಾನು ಏರಿಸಲಿಲ್ಲ, ಬದಲಿಗೆ ಸಂಜೆಯ ದೀಪ ಮಂಕು ಮಾಡಿದೆ, ಎದ್ದ ಕೂಡಲೇ ಬಿಸಿಲಿಗೆ ಹೋದೆ. ನಿದ್ದೆಯ ಹೊತ್ತು ಮೆಲ್ಲಗೆ ಹಿಂದೆ ಸರಿದು ಹನ್ನೆರಡರ ಆಸುಪಾಸಿಗೆ ಬಂತು. ಇಷ್ಟು ಬೇಗ ತೆಗೆದುಕೊಂಡರೆ ಮೆಲಟೋನಿನ್ ಮಾಡುವ ಮುಖ್ಯ ಕೆಲಸ ಮೈಯ ಗಡಿಯಾರವನ್ನು ಜರುಗಿಸಿ ನಿದ್ದೆಯ ಹೊತ್ತನ್ನು ಬೇಗ ಬರುವಂತೆ ಮಾಡುವುದು. ಬೆಳಿಗ್ಗೆ ನುಂಗಿದರೆ ಉಲ್ಟಾ, ನಿದ್ದೆ ಇನ್ನೂ ತಡವಾಗಬಹುದು. ಬೆಳಗಿನ ತಲೆಭಾರವೂ ಇರಲಿಲ್ಲ. ನನ್ನ ಮಟ್ಟಿಗೆ ಗೆದ್ದದ್ದು ಇದೇ.

2 ಮಿಲಿಗ್ರಾಂನ ನಿಧಾನವಾಗಿ ಕರಗುವ ಮಾತ್ರೆ ನನಗೆ ಒಗ್ಗಲಿಲ್ಲ. ಯುರೋಪಿನಲ್ಲಿ 2007ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 55 ದಾಟಿದವರಿಗೆ: ಊಟವಾದ ಮೇಲೆ, ಮಲಗುವ ಒಂದೆರಡು ಗಂಟೆ ಮುಂಚೆ. ಮುರಿಯಬಾರದು, ಅಗಿಯಬಾರದು.

ನೆಗಡಿ-ಅಲರ್ಜಿಗೆ ಕೊಡುವ ಡೈಫೆನ್‌ಹೈಡ್ರಮಿನ್ ನುಂಗಿ ಮಲಗುವವರೂ ಇದ್ದಾರೆ. ಬಾಯಿ ಒಣಗುತ್ತದೆ, ಕೆಲವೇ ದಿನಗಳಲ್ಲಿ ಮೈ ಅದಕ್ಕೆ ಒಗ್ಗಿಹೋಗುತ್ತದೆ, ವಯಸ್ಸಾದವರಿಗೆ ಗೊಂದಲ, ಮೂತ್ರ ಕಟ್ಟುವ ತೊಂದರೆ. ಹೋಲಿಕೆಗೇ ಬೇಡ.

ಮಿಠಾಯಿಯಂತೆ ಅಗಿದು ತಿನ್ನುವ ಮೆಲಟೋನಿನ್ ಗಮ್ಮಿಗಳ ಮೇಲೆ ನನಗೆ ನಂಬಿಕೆಯಿಲ್ಲ. 2023ರಲ್ಲಿ ಅಮೆರಿಕದಲ್ಲಿ 25 ಬಗೆಯ ಗಮ್ಮಿ ಪರೀಕ್ಷಿಸಿದಾಗ 22ರ ಲೇಬಲ್ ತಪ್ಪಾಗಿತ್ತು. ಒಂದರಲ್ಲಿ ಮೆಲಟೋನಿನ್ ಇರಲೇ ಇಲ್ಲ, ಉಳಿದವುಗಳಲ್ಲಿ ಹೇಳಿದ್ದರ ಶೇ. 74ರಿಂದ ಶೇ. 347ರವರೆಗೆ. ಅರ್ಧ ಮಿಲಿಗ್ರಾಂ ಅಳೆಯಲು ಹೊರಟವರಿಗೆ ಇದು ಯಾವ ಉಪಯೋಗ? ಮೇಲಾಗಿ ಮಕ್ಕಳ ಕಣ್ಣಿಗೆ ಅದು ಮಿಠಾಯಿ. ಯಾವ ಬಗೆಯದಾದರೂ ಅವರ ಕೈಗೆಟುಕದಂತೆ ಇಡಿ.

ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2013ರ ವಿಶ್ಲೇಷಣೆಯೊಂದರಲ್ಲಿ ಮೆಲಟೋನಿನ್‌ನಿಂದ ನಿದ್ದೆ ಬೇಗ ಬಂದದ್ದು ಸರಾಸರಿ ಸುಮಾರು 7 ನಿಮಿಷ ಮಾತ್ರ. ತಿಂಗಳುಗಟ್ಟಲೆ ನಿದ್ದೆಯಿಲ್ಲದವರಿಗೆ ವೈದ್ಯರು ಮೊದಲು ಹೇಳುವುದು ಮಾತ್ರೆಯಿಲ್ಲದೆ ನಿದ್ದೆಯ ಅಭ್ಯಾಸಗಳನ್ನು ತಿದ್ದುವ ವರ್ತನಾ ಚಿಕಿತ್ಸೆ.

ನುಂಗಿದ ಮೇಲೆ ಗಾಡಿ ಓಡಿಸಬೇಡಿ, ಮದ್ಯ ಬೇಡ. ಗರ್ಭಿಣಿಯರು, ಹಾಲೂಡಿಸುವವರು, ಮೂರ್ಛೆರೋಗ ಇರುವವರು, ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಫ್ಲುವಾಕ್ಸಮಿನ್ ಎಂಬ ಖಿನ್ನತೆಯ ಮದ್ದಿನ ಜೊತೆಗಂತೂ ಬೇಡವೇ ಬೇಡ. ಅದು ಮೆಲಟೋನಿನ್ ಯಕೃತ್ತಿನಲ್ಲಿ ಕರಗುವ ದಾರಿಯನ್ನೇ ಮುಚ್ಚಿ, ರಕ್ತದಲ್ಲಿ ಅದರ ಮಟ್ಟವನ್ನು ಎಷ್ಟೋ ಪಟ್ಟು ಏರಿಸಿಬಿಡುತ್ತದೆ.