ದುಬೈಯ ವಿಮೆ, ಊರಿನ ಬಿಲ್ಲು: ಕಂಪನಿಯ ಹೆಲ್ತ್ ಇನ್ಶೂರೆನ್ಸ್ ಜೊತೆ ಆರು ವರ್ಷ

ಒಂದು ಸೀಲಿಗೋಸ್ಕರ ನನ್ನ ತಮ್ಮ ಕುಂದಾಪುರದಿಂದ ಆಸ್ಪತ್ರೆಗೆ ಮೂರು ಸಲ ಬೈಕ್ ಓಡಿಸಿದ್ದಾನೆ. ಈ ವಿಮೆಯ ಬಗ್ಗೆ ಬರೆಯಲೇಬೇಕು ಅಂತ ನಾನು ಹಟ ಹಿಡಿದದ್ದು ಆಗ. ಕೂತು ಬರೆಯುತ್ತಿರುವುದು ಎರಡು ವರ್ಷ ಕಳೆದ ಮೇಲೆ. ಆಗಲೇ ಬರೆದಿದ್ದರೆ ಬರೀ ಸಿಟ್ಟು ಇರುತ್ತಿತ್ತು.

ನಾನು ದುಬೈಯ ಒಂದು ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಬಂದದ್ದು 2019ರ ನವೆಂಬರ್‌ನಲ್ಲಿ. ಸಂಬಳ 6,500 ದಿರ್ಹಮ್. ಅಲ್ ಕುಸೈಸ್‌ನಲ್ಲಿ ಇನ್ನೊಬ್ಬರ ಜೊತೆ ರೂಮು. ಹೆಂಡತಿ, ಮಗಳು ಊರಲ್ಲಿ. ನನಗೆ ಸಕ್ಕರೆ ಕಾಯಿಲೆ ಶುರುವಾಗಿ ಎಂಟು ವರ್ಷ. ಆದ್ದರಿಂದ ವಿಮೆ ಅಂದರೆ ನನಗೆ ಎಂದೋ ಒಂದು ದಿನ ಬೇಕಾಗುವ ಕಾರ್ಡು ಅಲ್ಲ, ಪ್ರತಿ ತಿಂಗಳೂ ಬೇಕು. ಕಂಪನಿ ಕೊಟ್ಟಿರುವುದು ಮಧ್ಯಮ ದರ್ಜೆಯ ಗ್ರೂಪ್ ಪ್ಲಾನ್. ವ್ಯಾಪ್ತಿ ಯುಎಇ ಮತ್ತು ಭಾರತ ಉಪಖಂಡ. ಪ್ಲಾನಿನ ಉಳಿದ ಕೋಷ್ಟಕ ನಿಮ್ಮ ನಿಮ್ಮ ಎಚ್‌ಆರ್ ಕಳಿಸಿರುತ್ತಾರೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಒಂದು ಮಾತು ಮಾತ್ರ ಹೊಸದಾಗಿ ಬರುವವರಿಗೆ. ದುಬೈಯಲ್ಲಿ 2013ರ 11ನೇ ಕಾನೂನಿನ ಪ್ರಕಾರ ನೌಕರನ ಆರೋಗ್ಯ ವಿಮೆ ಕಂಪನಿಯ ಹೊಣೆ. ಪ್ರೀಮಿಯಂ ಅಂತ ಸಂಬಳದಿಂದ ಒಂದು ದಿರ್ಹಮ್ ಕೂಡ ಮುರಿದುಕೊಳ್ಳುವ ಹಾಗಿಲ್ಲ. ನಮ್ಮ ಊರಿನ ಹುಡುಗರಲ್ಲಿ ಕೆಲವರು "ವಿಮೆಗೆ ಅಂತ ಕಟ್ ಮಾಡಿದ್ರು" ಅಂತ ಸುಮ್ಮನೆ ಒಪ್ಪಿಕೊಂಡು ಕೂತದ್ದನ್ನು ನೋಡಿದ್ದೇನೆ. ಒಪ್ಪಿಕೊಳ್ಳಬೇಡಿ. ಶಾರ್ಜಾ, ಅಜ್ಮಾನ್ ಕಡೆ ಖಾಸಗಿ ಕೆಲಸದವರಿಗೆ ವಿಮೆ ಕಡ್ಡಾಯವಾದದ್ದು 2025ರ ಜನವರಿ 1ರಿಂದ. ಹಾಗಾಗಿ ಅಲ್ಲಿ ಎಷ್ಟೋ ಜನರಿಗೆ ಇದು ಹೊಸ ವಿಷಯ.

ಮೊದಲು ಇಷ್ಟವಾದದ್ದನ್ನು ಹೇಳುತ್ತೇನೆ. ತಿಂಗಳ ಮೊದಲ ಭಾನುವಾರ, ಬೆಳಗ್ಗೆ ಹತ್ತಕ್ಕೆ, ನಮ್ಮ ಕಟ್ಟಡದ ಕೆಳಗಿನ ಫಾರ್ಮಸಿ. ಅಲ್ಲಿನ ಫಾರ್ಮಸಿಸ್ಟ್ ಕಾಸರಗೋಡಿನವರು, ನನ್ನ ಜೊತೆ ಕನ್ನಡದಲ್ಲೇ ಮಾತು. ಬೇರೆ ಕಾರ್ಡು ಬೇಡ, ಇಲ್ಲಿನ ಗುರುತಿನ ಚೀಟಿ ಎಮಿರೇಟ್ಸ್ ಐಡಿ ಕೊಟ್ಟರೆ ಸಾಕು, ವಿಮೆ ಅದಕ್ಕೇ ಜೋಡಣೆಯಾಗಿದೆ. ಅವರು ನಂಬರು ಹೊಡೆದು ಮೆಟ್‌ಫಾರ್ಮಿನ್, ಬಿಪಿ ಮಾತ್ರೆ, ಕೊಲೆಸ್ಟರಾಲ್ ಮಾತ್ರೆ ಒಂದೊಂದಾಗಿ ಸೇರಿಸುತ್ತಾರೆ. ನಾನು ತೂಕದ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕೂರುತ್ತೇನೆ. ಐದು ನಿಮಿಷ, ಕೆಲವು ಸಲ ಇಪ್ಪತ್ತು. "ಬಂತು ನೋಡಿ ಅಪ್ರೂವಲ್" ಅಂತ ಅವರು ತಲೆ ಎತ್ತಿದಾಗ ನನಗೆ ಪ್ರತಿ ಸಲವೂ ಒಂದು ಸಮಾಧಾನ. ನನ್ನ ಪಾಲಿನ ಹತ್ತು ಪರ್ಸೆಂಟ್, ಅಂದರೆ 14 ದಿರ್ಹಮ್ ಕೊಟ್ಟು, ಚೀಟಿಗೆ ಸಹಿ ಹಾಕಿ, ಪಕ್ಕದ ಕೆಫೆಟೇರಿಯಾದಲ್ಲಿ ಒಂದು ಕರಕ್ ಚಹಾ ಕುಡಿದು ಮೇಲೆ ಹತ್ತುತ್ತೇನೆ. ಮಾತ್ರೆ ಡಬ್ಬಿಗೆ ಏಳು ದಿನದ್ದು ತುಂಬಿಸಿದ ಮೇಲೆ ಅಮ್ಮನಿಗೆ ಫೋನ್. "ಮಾತ್ರೆ ತಂದ್ಯಾ" ಅಂತ ಅವರು ಕೇಳದೆ ಆ ಭಾನುವಾರ ಮುಗಿಯುವುದಿಲ್ಲ. ಆರು ವರ್ಷದಲ್ಲಿ ಮಾತ್ರೆಗೆ ಅಪ್ರೂವಲ್ ತಪ್ಪಿದ್ದು ಒಂದೇ ಸಲ. ಕಂಪನಿ ವಿಮೆಯವರನ್ನು ಬದಲಾಯಿಸಿದ ತಿಂಗಳು ಹೊಸಬರು ಸಕ್ಕರೆ ಕಾಯಿಲೆಯನ್ನು ಮೊದಲೇ ಇದ್ದ ಕಾಯಿಲೆ ಅಂತ ತಡೆಹಿಡಿದರು. ಹಳೆಯ ವಿಮೆಯಿಂದ ಕಂಟಿನ್ಯೂಟಿ ಸರ್ಟಿಫಿಕೇಟ್, ಅಂದರೆ ಇಲ್ಲಿಯ ತನಕ ವಿಮೆ ಕಡಿಯದೆ ಇತ್ತು ಅನ್ನುವ ಪತ್ರ, ತರಿಸಿ ಕೊಟ್ಟ ಮೇಲೆ ಬಿಟ್ಟರು. ಕೆಲಸ ಬದಲಾಯಿಸುವವರು ಈ ಕಾಗದವನ್ನು ಕೇಳಿ ಪಡೆದುಕೊಳ್ಳಿ. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಸೇರುವಾಗ ಫಾರ್ಮಿನಲ್ಲಿ ಸಕ್ಕರೆ ಕಾಯಿಲೆ ಇದೆ ಅಂತ ಬರೆದಿದ್ದೆ. ರೂಮಿನಲ್ಲಿದ್ದ ಹಿರಿಯರೊಬ್ಬರು ಬೇಡ ಅಂದಿದ್ದರು. ಬರೆದದ್ದೇ ನನ್ನನ್ನು ಕಾಪಾಡಿತು. ಮುಚ್ಚಿಟ್ಟಿದ್ದರೆ ಮುಂದೆ ಅದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಲು ಅವರಿಗೆ ದಾರಿ ಇತ್ತು.

ಇನ್ನು ಸೀಲಿನ ಕಥೆ.

2023ರ ಚೌತಿಗೆ ಊರಿಗೆ ಹೋಗಿದ್ದೆ. ಹಬ್ಬ ಕಳೆದು ಮೂರನೆಯ ರಾತ್ರಿ ಬಲಪಕ್ಕೆಯಲ್ಲಿ ನೋವು ಹಿಡಿಯಿತು. ನಿಲ್ಲಲಿಕ್ಕೂ ಆಗದು, ಮಲಗಲಿಕ್ಕೂ ಆಗದು. ತಮ್ಮ ಬಾಡಿಗೆ ಕಾರಿನಲ್ಲಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಮೂತ್ರನಾಳದಲ್ಲಿ ಕಲ್ಲು. ಲೇಸರ್‌ನಲ್ಲಿ ಒಡೆದು ಸ್ಟೆಂಟ್ ಹಾಕಿ ಮೂರನೆಯ ದಿನ ಮನೆಗೆ ಕಳಿಸಿದರು. ಬಿಲ್ಲು 94,600 ರೂಪಾಯಿ. ಚಿಕಿತ್ಸೆಯ ಬಗ್ಗೆ ನನ್ನ ದೂರು ಏನೂ ಇಲ್ಲ.

ಅಡ್ಮಿಟ್ ಆಗುವಾಗಲೇ ದುಬೈಯ ಹೆಲ್ಪ್‌ಲೈನ್‌ಗೆ ಫೋನ್ ಮಾಡಿದ್ದೆ. ಭಾರತದಲ್ಲಿ ಕ್ಯಾಶ್‌ಲೆಸ್ ಇಲ್ಲ, ನೀವೇ ಕಟ್ಟಿ ಆಮೇಲೆ ಕ್ಲೇಮ್ ಮಾಡಿ ಅಂದರು. "ಭಾರತ ಉಪಖಂಡ" ಅನ್ನುವ ಎರಡು ಶಬ್ದವನ್ನು ನಾಲ್ಕು ವರ್ಷ ನೆಚ್ಚಿಕೊಂಡು ಕೂತಿದ್ದೆ. ಅದರ ಅರ್ಥ ಇಷ್ಟೇ ಅಂತ ಆ ರಾತ್ರಿ ಗೊತ್ತಾಯಿತು. ಹೆಂಡತಿಯ ಬಳೆ ಸೊಸೈಟಿಯಲ್ಲಿ ಅಡವಿಟ್ಟು ಬಿಲ್ಲು ಕಟ್ಟಿದೆವು.

ದುಬೈಗೆ ಬಂದು ಎಲ್ಲವನ್ನೂ ಸ್ಕ್ಯಾನ್ ಮಾಡಿ ಆ್ಯಪಿನಲ್ಲಿ ಹಾಕಿದೆ. ಹತ್ತು ದಿನಕ್ಕೆ ವಾಪಸ್ ಬಂತು: ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆದ ಬ್ರೇಕಪ್ ಬಿಲ್ ಇಲ್ಲ. ಆಸ್ಪತ್ರೆಯವರು "ಪ್ಯಾಕೇಜ್" ಅಂತ ಒಂದೇ ಸಾಲಿನಲ್ಲಿ ಬರೆದಿದ್ದರು. ತಮ್ಮ ಮೊದಲ ಸಲ ಹೋದ. ಬ್ರೇಕಪ್ ತಂದ, ಕಳಿಸಿದೆ. ಮತ್ತೆ ವಾಪಸ್: ಕಟ್ಟಿದ ದುಡ್ಡು ಕೇಳುವ ರಿಇಂಬರ್ಸ್‌ಮೆಂಟ್ ಫಾರ್ಮಿನ ಎರಡನೆಯ ಭಾಗವನ್ನು ಚಿಕಿತ್ಸೆ ಕೊಟ್ಟ ಡಾಕ್ಟರೇ ತುಂಬಿ ಸಹಿ, ಸೀಲು ಹಾಕಬೇಕು. ತಮ್ಮ ಎರಡನೆಯ ಸಲ ಹೋದ. ಬಿಲ್ಲಿಂಗ್ ಕೌಂಟರ್ ಪಕ್ಕದಿಂದಲೇ ಫೋನ್ ಮಾಡಿದ.

"ಅಣ್ಣ, ಡಾಕ್ಟ್ರ್ ಓಟಿಯಂಗ್ ಇದ್ರಂಬ್ರ್. ಸಂಜಿಗ್ ಬನಿ ಅಂದ್ರ್."

ಸಂಜೆ ಏಳಕ್ಕೆ ಡಾಕ್ಟರು ಸಹಿ ಹಾಕಿದರು. ಸೀಲು ಅವರ ಓಪಿಡಿ ಕೋಣೆಯಲ್ಲಿತ್ತು, ಅದಕ್ಕೆ ಬೀಗ. ಸೀಲಿಲ್ಲದ ಫಾರ್ಮನ್ನೇ ಹಾಕಿ ನೋಡಿದೆ, ಮೂರೇ ದಿನದಲ್ಲಿ ತಿರಸ್ಕಾರ. ಆಮೇಲೆ ತಮ್ಮ ಒಂದು ದಿನದ ಕೂಲಿ ಬಿಟ್ಟು ಮೂರನೆಯ ಸಲ ಹೋಗಿ ಸೀಲು ಒತ್ತಿಸಿ ತಂದ. ಅವನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೊ ಇನ್ನೂ ನನ್ನ ಫೋನಿನಲ್ಲಿದೆ. ನೀಲಿ ಶಾಯಿಯ ದುಂಡು ಸೀಲು, ಅಂಚು ಸ್ವಲ್ಪ ಹರಡಿದೆ, ರಿಜಿಸ್ಟ್ರೇಶನ್ ನಂಬರಿನ ಕೊನೆಯ ಅಂಕಿ ಮಸುಕು. ಆ ಅಂಕಿಗೂ ಪ್ರಶ್ನೆ ಬಂತು.

ದುಡ್ಡು ಖಾತೆಗೆ ಬಿದ್ದದ್ದು 2024ರ ಜನವರಿ ಕೊನೆಗೆ. ಸುಮಾರು 4,180 ದಿರ್ಹಮ್ ಕ್ಲೇಮಿನಲ್ಲಿ ಗ್ಲೌಸು, ಅಡ್ಮಿಶನ್ ಕಿಟ್ಟು ಅಂತ 310 ಕಳೆದರು. ಉಳಿದದ್ದರಲ್ಲಿ 20 ಪರ್ಸೆಂಟ್ ನನ್ನ ಪಾಲು. ಕೈಗೆ ಬಂದದ್ದು 3,100. ಕಡಿಮೆ ಅಂತ ನಾನು ಹೇಳುವುದಿಲ್ಲ, ನಿಯಮದಲ್ಲಿ ಹಾಗೇ ಇದೆ. ಆದರೆ ಅಡವಿನ ಬಡ್ಡಿ, ತಮ್ಮನ ಮೂರು ದಿನ, ನನ್ನ ನಾಲ್ಕು ತಿಂಗಳ ನಿದ್ದೆ ಯಾವ ಫಾರ್ಮಿನಲ್ಲೂ ತುಂಬಲಿಕ್ಕೆ ಇಲ್ಲ. ಏನೇನು ಬೇಕು ಅಂತ ಮೊದಲನೆಯ ಫೋನಿನಲ್ಲೇ ಹೇಳಿದ್ದರೆ ಡಿಸ್ಚಾರ್ಜ್ ದಿನವೇ ಎಲ್ಲ ಮುಗಿಯುತ್ತಿತ್ತು. ಸಹಿ ಹಾಕುವ ಡಾಕ್ಟರು ಅವತ್ತು ನನ್ನ ಮಂಚದ ಪಕ್ಕದಲ್ಲೇ ನಿಂತಿದ್ದರು.

ಆ ಜನವರಿಯಲ್ಲಿ ಬರೆದಿದ್ದರೆ ಐದಕ್ಕೆ ಒಂದು ನಕ್ಷತ್ರ ಕೊಡುತ್ತಿದ್ದೆ.

2024ರ ಜುಲೈಯಲ್ಲಿ ನಮ್ಮ ಸೈಟಿನ ಒಬ್ಬ ಶಟರಿಂಗ್ ಮೇಸ್ತ್ರಿ ಕುಸಿದು ಬಿದ್ದರು. ನಿಜಾಮಾಬಾದ್ ಕಡೆಯವರು, ವಯಸ್ಸು ಐವತ್ತೊಂದು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ, ಆ ವಿರಾಮದಲ್ಲಿ ನೆರಳಿನಲ್ಲಿ ಕೂತಿದ್ದಾಗಲೇ ಬಲಗೈ ಬಿದ್ದುಹೋಯಿತು. ಪಾರ್ಶ್ವವಾಯು. 4,000 ದಿರ್ಹಮ್‌ಗಿಂತ ಕಡಿಮೆ ಸಂಬಳದವರಿಗೆ ಇರುವ ಮೂಲ ಪ್ಲಾನು ಅವರದ್ದು, ವರ್ಷದ ಮಿತಿ 1,50,000 ದಿರ್ಹಮ್. ಐಸಿಯು ಸೇರಿ ಹದಿನೆಂಟು ದಿನಕ್ಕೆ 1,12,000 ದಾಟಿತು. ಪೇಪರು ಓದಲು ಗೊತ್ತಿರುವವನು ಅಂತ ಕಂಪನಿ ನನ್ನನ್ನೇ ಓಡಾಟಕ್ಕೆ ಹಾಕಿತು. ಅವರದ್ದು ಇಸಿಆರ್ ಪಾಸ್‌ಪೋರ್ಟು, ಅಂದರೆ ಗಲ್ಫ್‌ನಂಥ ಕಡೆ ಕೆಲಸಕ್ಕೆ ಹೊರಡುವ ಮೊದಲು ಸರ್ಕಾರದ ಎಮಿಗ್ರೇಶನ್ ಅನುಮತಿ ಬೇಕಾದದ್ದು. ಊರು ಬಿಡುವಾಗ 375 ರೂಪಾಯಿಗೆ ಮೂರು ವರ್ಷದ ಪ್ರವಾಸಿ ಭಾರತೀಯ ಬಿಮಾ ಯೋಜನೆ, ಅಂದರೆ ಹೊರದೇಶಕ್ಕೆ ದುಡಿಯಲು ಹೋಗುವವರಿಗೆ ಭಾರತ ಸರ್ಕಾರ ಮಾಡಿದ ವಿಮೆ, ಮಾಡಿಸಿದ್ದರು. ಅಪಘಾತದ ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿಯ ಈ ಪಾಲಿಸಿಯಲ್ಲಿ ಊರಿಗೆ ಮರಳುವ ಖರ್ಚಿಗೂ ಅವಕಾಶವಿದೆ. ಅವಧಿ ಮುಗಿದು ಹೋಗಿತ್ತು. ಆನ್‌ಲೈನ್‌ನಲ್ಲೇ ನವೀಕರಿಸಬಹುದಿತ್ತು, ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಕ್ಯಾಂಪಿನಲ್ಲಿ ಹೀಗೆ ಎಷ್ಟು ಜನರ ಪಾಲಿಸಿ ಸತ್ತಿದೆಯೋ ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಪಾಸ್‌ಪೋರ್ಟು ಇಸಿಆರ್ ಆಗಿದ್ದರೆ ಈವತ್ತೇ ತೆಗೆದು ದಿನಾಂಕ ನೋಡಿ.

ಕಂಪನಿ ಮಾತ್ರ ಎಲ್ಲರಿಗೂ ಒಂದು ಅಸಿಸ್ಟೆನ್ಸ್ ಸೇವೆಯನ್ನು ಪ್ಲಾನಿನ ಮೇಲೆ ಸೇರಿಸಿಕೊಂಡಿತ್ತು. ರೋಗಿಯನ್ನು ಸ್ವಂತ ದೇಶಕ್ಕೆ ಮುಟ್ಟಿಸುವುದು ಅದರ ಕೆಲಸ. ನಂಬರು ನೋಡಿದರೆ ನನ್ನನ್ನು ನಾಲ್ಕು ತಿಂಗಳು ಅಲೆಸಿದ ಅದೇ ವಿಮೆಯವರದ್ದು. ಫೋನ್ ಮಾಡುವಾಗ ನನಗೆ ನಂಬಿಕೆ ಇರಲಿಲ್ಲ. ರಾತ್ರಿ ಎರಡು ಗಂಟೆ.

ಎತ್ತಿದವರು ಒಬ್ಬ ನರ್ಸ್. ಪಾಲಿಸಿ ನಂಬರು ಕೇಳುವ ಮೊದಲು ಅವರು ಕೇಳಿದ್ದು, ರೋಗಿ ಈಗ ನುಂಗುತ್ತಾರಾ, ಟ್ಯೂಬಿನಲ್ಲಿ ಕೊಡುತ್ತಿದ್ದಾರಾ ಅಂತ. ಆಮೇಲೆ ಬಿಪಿ. ಆಮೇಲೆ ಊರಿನಲ್ಲಿ ಸೇರಿಸಿಕೊಳ್ಳುವ ಆಸ್ಪತ್ರೆ ಯಾವುದು. ಕೊನೆಗೆ, "ಅವರ ಮನೆ ಬಾಗಿಲ ತನಕ ಆಂಬುಲೆನ್ಸ್ ಹೋಗುತ್ತದಾ, ಮೆಟ್ಟಿಲು ಎಷ್ಟಿದೆ?" ನನಗೆ ಗೊತ್ತಿರಲಿಲ್ಲ. ಮರುದಿನ ಅವರ ತೆಲುಗು ಬಲ್ಲ ಸಹೋದ್ಯೋಗಿಯೊಬ್ಬರು ಮೇಸ್ತ್ರಿಯ ಹೆಂಡತಿಗೆ ಫೋನ್ ಮಾಡಿ ಮೆಟ್ಟಿಲು ಎಣಿಸಿಕೊಂಡರು. ಆರು.

ವಿಮಾನದಲ್ಲಿ ಸ್ಟ್ರೆಚರ್ ಹಾಕಬೇಕಾದರೆ ಹಿಂದಿನ ಸಾಲುಗಳಲ್ಲಿ ಹಲವು ಸೀಟು ಮಡಚಬೇಕು, ಅಷ್ಟೂ ಸೀಟಿನ ದುಡ್ಡು ಕಟ್ಟಬೇಕು. ಪ್ರಯಾಣಕ್ಕೆ ಯೋಗ್ಯ ಅಂತ ಡಾಕ್ಟರು ತುಂಬುವ ಮೆಡಿಫ್ ಫಾರ್ಮನ್ನು ಏರ್‌ಲೈನ್‌ನವರು ಒಪ್ಪಬೇಕು. ಜೊತೆಗೆ ನರ್ಸ್, ಆಕ್ಸಿಜನ್. ಇಷ್ಟನ್ನೂ ಅವರೇ ಮಾಡಿದರು. ಆ ಮೆಡಿಫ್ ಫಾರ್ಮಿಗೂ ಡಾಕ್ಟರ ಸಹಿ, ಸೀಲು ಬೇಕಿತ್ತು. ಆದರೆ ಈ ಸಲ ಫಾರ್ಮ್ ಹಿಡಿದು ಆಸ್ಪತ್ರೆಗೆ ಹೋದವರು ಅವರ ಮನುಷ್ಯ, ನಾನಲ್ಲ. ಇಪ್ಪತ್ತೆರಡನೆಯ ದಿನ ಮೇಸ್ತ್ರಿ ಹೈದರಾಬಾದಿನಲ್ಲಿ ಇಳಿದರು. ಹೊರಡುವ ಮೊದಲು ಎಡಗೈಯಿಂದ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದರು. ಮಾತು ಬರುತ್ತಿರಲಿಲ್ಲ.

ಅಂದಿನಿಂದ ಈ ವಿಮೆಯ ಬಗ್ಗೆ ನನಗೆ ಮೊದಲಿನ ಸಿಟ್ಟು ಉಳಿದಿಲ್ಲ. ಬೇಸರ ಉಳಿದಿದೆ. ಮೆಟ್ಟಿಲು ಎಣಿಸುವಷ್ಟು ಮನಸ್ಸಿರುವ ಜನ ಅದೇ ಕಟ್ಟಡದಲ್ಲಿ ಇದ್ದಾರೆ. ಕ್ಲೇಮ್ ವಿಭಾಗದಲ್ಲಿ ಒಬ್ಬರಾದರೂ ನನ್ನ ಫೈಲು ತೆರೆದು "ಈ ಐದು ಕಾಗದ ಬೇಕು, ಒಟ್ಟಿಗೆ ಕಳಿಸಿ" ಅಂತ ಹೇಳಬಹುದಿತ್ತು. ರಿನ್ಯೂವಲ್ ಸಮಯದಲ್ಲಿ ಎಚ್‌ಆರ್ ಅಭಿಪ್ರಾಯ ಕೇಳಿದಾಗ ಇದನ್ನೇ ಬರೆದು ಕೊಟ್ಟೆ.

ನಕ್ಷತ್ರ ಕೇಳಿದರೆ ಈಗ ಮೂರೂವರೆ. ದುಬೈಯೊಳಗಿನ ಚಿಕಿತ್ಸೆಗೆ ನಾಲ್ಕು, ಅಸಿಸ್ಟೆನ್ಸ್‌ಗೆ ಐದು, ಊರಿನ ಬಿಲ್ಲಿಗೆ ಎರಡು ಅಂತ ಬಿಡಿಸಿ ಹೇಳಿದರೆ ನಿಮಗೆ ಹೆಚ್ಚು ಉಪಯೋಗ. ಕುಟುಂಬವನ್ನು ದುಬೈಯಲ್ಲೇ ಇಟ್ಟುಕೊಂಡವರ ಲೆಕ್ಕ ಬೇರೆ. ನನ್ನ ಹಾಗೆ ವರ್ಷಕ್ಕೆ ಒಂದು ತಿಂಗಳು ಊರಿನಲ್ಲಿ ಇರುವವರು ಊರಿನದ್ದೇ ಒಂದು ಪಾಲಿಸಿ ಮಾಡಿಸಿಕೊಳ್ಳುವುದು ಒಳ್ಳೆಯದು. ನಾನು ಇಡೀ ಮನೆಗೆ ಸೇರಿ 5 ಲಕ್ಷದ ಫ್ಯಾಮಿಲಿ ಫ್ಲೋಟರ್ ತೆಗೆದುಕೊಂಡೆ, ಕ್ಯಾಶ್‌ಲೆಸ್ ಇರುವಂಥದ್ದು. 2025ರ ಸೆಪ್ಟೆಂಬರ್ 22ರಿಂದ ಇಂಥ ಪಾಲಿಸಿಗಳ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ತೆಗೆದಿದ್ದಾರೆ, ನನ್ನ ಬಜೆಟ್ಟಿಗೆ ಅದು ದೊಡ್ಡ ಸಹಾಯ. ಸಕ್ಕರೆ ಕಾಯಿಲೆಗೆ ಮಾತ್ರ ಮೂರು ವರ್ಷ ಕಾಯಬೇಕು. ಅಲ್ಲಿಯ ತನಕ ಅದರ ಭಾರ ದುಬೈಯ ಪಾಲಿಸಿಯದ್ದೇ.

ಈ ವರ್ಷ ಚೌತಿಗೆ ಹೊರಡುವಾಗ ಕ್ಲೇಮ್ ಫಾರ್ಮಿನ ಎರಡು ಪ್ರತಿ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಡಾಕ್ಟರು ತುಂಬಬೇಕಾದ ಜಾಗಕ್ಕೆ ಹಳದಿ ಬಣ್ಣ ಬಳಿದು, ಬೇಕಾದ ಕಾಗದಗಳ ಹೆಸರನ್ನು ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದೆ. ಒಂದು ಪ್ರತಿ ನನ್ನ ಪಾಸ್‌ಪೋರ್ಟಿನ ಚೀಲದಲ್ಲಿದೆ. ಇನ್ನೊಂದನ್ನು ತಮ್ಮ ಕಪಾಟಿನಲ್ಲಿ, ಮನೆ ತೆರಿಗೆ ರಸೀದಿಗಳ ಜೊತೆ ಇಟ್ಟಿದ್ದಾನೆ.